ನೋವು ನಿಂತಾಗಲೇ ಎಚ್ಚರ



ಜನವರಿಯ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಚರ್ಚಿನ ಮೆಟ್ಟಿಲ ಬಳಿ ನನಗಾಗಿ ಕಾದಿದ್ದರು. ಅವರ ಮಗ ಕೆನಡಾದ ವಿನಿಪೆಗ್ ನಗರದಲ್ಲಿ ಓದುತ್ತಿದ್ದಾನೆ. ಊರಿನಲ್ಲಿದ್ದಾಗ ಬೆಳಗಿನ ಓಟ ತಪ್ಪಿಸದ ಹುಡುಗ. ಅಲ್ಲಿ ಮೈನಸ್ 25 ಡಿಗ್ರಿ ಚಳಿಯಲ್ಲೂ ಒಬ್ಬನೇ ಓಡುತ್ತಾನಂತೆ. “ಬೇಡ ಅಂದರೆ ನಗುತ್ತಾನೆ ಫಾದರ್. ‘ಮೊದಲು ಬೆರಳು ನೋಯುತ್ತೆ ಅಮ್ಮಾ, ಆಮೇಲೆ ಏನೂ ಗೊತ್ತಾಗಲ್ಲ’ ಅನ್ನುತ್ತಾನೆ. ಇದು ಧೈರ್ಯವೋ, ಹುಚ್ಚೋ ನೀವೇ ಹೇಳಿ” ಎಂದರು.

ತಕ್ಷಣ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಚಳಿಯಲ್ಲಿ ಓಡುವುದೇ ತಪ್ಪೆಂದು ಹೇಳಲಾಗದು. ಶೀತದೇಶಗಳಲ್ಲಿ ಚಳಿಗಾಲವಿಡೀ ಓಡುವವರು ಬಹಳ ಮಂದಿ ಇದ್ದಾರೆ. ಓಡುವಾಗ ದೇಹ ಬಳಸುವ ಶಕ್ತಿಯ ಹೆಚ್ಚಿನ ಪಾಲು ಶಾಖವಾಗಿ ಹೊರಬರುತ್ತದೆ. ಬೆವರು ಹಿಡಿದಿಡದ ಒಳ ಉಡುಪು, ಗಾಳಿ ತಡೆಯುವ ಹೊರ ಉಡುಪು, ತಲೆಗೆ ಟೋಪಿ, ಕೈಗೆ ಗವಸು ಇದ್ದರೆ ಆ ಶಾಖ ಉಳಿಯುತ್ತದೆ. ನಮ್ಮ ದೇಶದಲ್ಲೇ, 2023ರ ಫೆಬ್ರವರಿಯಲ್ಲಿ, ಲಡಾಖಿನ ಹೆಪ್ಪುಗಟ್ಟಿದ ಪ್ಯಾಂಗಾಂಗ್ ಸರೋವರದ ಮೇಲೆ 21 ಕಿಲೋಮೀಟರ್ ಓಟ ನಡೆಯಿತು. ಹೃದ್ರೋಗ, ಆಸ್ತಮಾ ಇರುವವರು ವೈದ್ಯರನ್ನು ಕೇಳಬೇಕು. ಉಳಿದವರು ತಕ್ಕ ಸಿದ್ಧತೆಯೊಂದಿಗೆ ಓಡಿದರೆ ಅದರಲ್ಲಿ ಪಾಪವೇನಿಲ್ಲ.

ನನ್ನನ್ನು ಕಾಡಿದ್ದು ಆ ಹುಡುಗನ ಮಾತಿನ ಕೊನೆಯ ಭಾಗ: “ಆಮೇಲೆ ಏನೂ ಗೊತ್ತಾಗಲ್ಲ.”

ಚಳಿ ಹೆಚ್ಚಾದಾಗ ದೇಹ ತನ್ನ ಒಳಗಿನ ಶಾಖವನ್ನು ಕಾಪಾಡಲು ಬೆರಳು, ಮೂಗು, ಕಿವಿಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಮೊದಲು ನೋವು, ನಂತರ ಮರಗಟ್ಟುವಿಕೆ. ನೋವು ನಿಂತಿತೆಂದು ನಾವು ಸಮಾಧಾನಪಡುವ ಹೊತ್ತಿಗೆ ಚರ್ಮ ಹೆಪ್ಪುಗಟ್ಟಲು ತೊಡಗಿರಬಹುದು. ಗಾಳಿಯೂ ಸೇರಿ ಮೈನಸ್ 27ರಷ್ಟು ಚಳಿಯಾದರೆ ತೆರೆದ ಚರ್ಮಕ್ಕೆ ಈ ಗತಿ ಬರಲು 30 ನಿಮಿಷ ಸಾಕು. ದೇಹದ ಒಳಗಿನ ಉಷ್ಣ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ. ಆರಂಭದಲ್ಲಿ ಮೈ ಗಡಗಡ ನಡುಗುತ್ತದೆ. ಇನ್ನೂ ಇಳಿದರೆ ನಡುಕವೇ ನಿಲ್ಲುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಸಾವಿನ ಅಂಚಿಗೆ ಬಂದ ಕೆಲವರು ಸೆಕೆಯೆಂದು ಬಟ್ಟೆ ಕಳಚಿ ಎಸೆಯುವುದೂ ಉಂಟು. ‘ನಾನು ಅಪಾಯದಲ್ಲಿದ್ದೇನೆ’ ಎಂದು ತಿಳಿಯಬೇಕಾದ ಬುದ್ಧಿಯನ್ನೇ ಚಳಿ ಕಸಿದುಕೊಳ್ಳುತ್ತದೆ.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಬೆಟ್ಟಗಳಲ್ಲಿ 100 ಕಿಲೋಮೀಟರ್ ಓಟಕ್ಕೆ 172 ಮಂದಿ ಹೊರಟರು. ಅದು ಚಳಿಗಾಲವೂ ಅಲ್ಲ. ಹಲವರು ಚಡ್ಡಿ, ತೆಳು ಅಂಗಿಯಲ್ಲಿದ್ದರು. ಎತ್ತರದ ದಾರಿಯಲ್ಲಿ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಎರಗಿದವು. 21 ಮಂದಿ ತೀರಿಕೊಂಡರು. ಅವರಲ್ಲಿ ಹೆಸರಾಂತ ಓಟಗಾರರೂ ಇದ್ದರು. ಹಿಂದೊಮ್ಮೆ ಚಳಿಯ ಪೆಟ್ಟು ತಿಂದಿದ್ದ ಮಹಿಳೆಯೊಬ್ಬರು ಬೆಟ್ಟ ಏರುವ ಮೊದಲೇ ಹಿಂದಿರುಗಿದರು, ಬದುಕಿಕೊಂಡರು. ಗುಹೆಯೊಂದರಲ್ಲಿ ಆಶ್ರಯ ಪಡೆದಿದ್ದ ಝು ಕೆಮಿಂಗ್ ಎಂಬ ಕುರಿಗಾಹಿ ಓಟಗಾರರನ್ನು ಒಳಗೆ ಕರೆತಂದು, ಬೆಂಕಿ ಹೊತ್ತಿಸಿ, ಆರು ಜೀವಗಳನ್ನು ಉಳಿಸಿದರು.

ಇವರಲ್ಲಿ ಧೈರ್ಯವಂತರು ಯಾರು? ಹಿಂದಿರುಗಿದವರನ್ನು ಹೇಡಿಯೆನ್ನೋಣವೇ?

ಸಂತ ತೋಮಸ್ ಅಕ್ವಿನಾಸರ ಪ್ರಕಾರ ಭಯಕ್ಕೆ ಮಣಿಯುವುದು ಹೇಗೆ ದೋಷವೋ, ವಿವೇಕ ಮೀರಿದ ಎದೆಗಾರಿಕೆಯೂ ಹಾಗೆಯೇ ದೋಷ. ವಿವೇಕದ ಕೈ ಬಿಟ್ಟ ಧೈರ್ಯ ಸದ್ಗುಣವಾಗದು. ಇತರರಿಂದ ಕಲಿಯುವ ಮನಸ್ಸನ್ನು ಅವರು ವಿವೇಕದ ಒಂದು ಅಂಗವೆಂದೇ ಎಣಿಸಿದರು. ನನ್ನ ಬುದ್ಧಿ ನನಗೆ ಕೈಕೊಡುವ ಹೊತ್ತೂ ಬರಬಹುದೆಂದು ಒಪ್ಪಿಕೊಳ್ಳುವುದು ದೀನತೆ. ‘ದೇವರು ಕಾಯುತ್ತಾನೆ ಬಿಡಿ’ ಎನ್ನುವವರು ಒಂದನ್ನು ನೆನೆಯಬೇಕು. ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಪ್ರೇರೇಪಿಸಿದಾಗ ಯೇಸುಸ್ವಾಮಿ ಒಪ್ಪಲಿಲ್ಲ. ದೇವರಲ್ಲಿ ಭರವಸೆ ಇಡುವುದು ಬೇರೆ, ದೇವರನ್ನು ಪರೀಕ್ಷಿಸುವುದು ಬೇರೆ.

ನಮ್ಮಲ್ಲಿ ಹೆಚ್ಚಿನವರು ಮಂಜಿನ ಮೇಲೆ ಓಡುವವರಲ್ಲ. ಆದರೆ ಮರಗಟ್ಟುವುದು ಬೆರಳು ಮಾತ್ರವೇ? ಮೊದಲ ಸುಳ್ಳು ಹೇಳಿದಾಗ, ಮೊದಲ ಸಲ ಮನೆಯವರ ಮೇಲೆ ಕೈಯೆತ್ತಿದಾಗ ಮನಸ್ಸಾಕ್ಷಿ ಚುಚ್ಚುತ್ತದೆ. ಹತ್ತನೆಯ ಸಲಕ್ಕೆ ಏನೂ ಅನ್ನಿಸುವುದಿಲ್ಲ. ಅದನ್ನು ನಾವು ನೆಮ್ಮದಿಯೆಂದು ತಿಳಿಯುತ್ತೇವೆ. ಅಂಥ ಹೊತ್ತಿನಲ್ಲಿ ‘ನೀನು ನಡುಗುವುದನ್ನೂ ಬಿಟ್ಟಿದ್ದೀಯಲ್ಲ’ ಎಂದು ಹೇಳಲು ಪಕ್ಕದಲ್ಲಿ ಒಬ್ಬರು ಬೇಕು. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ, ಮಕ್ಕಳಿಗೆ ತಂದೆತಾಯಿ, ಕೆಲವೊಮ್ಮೆ ತಂದೆತಾಯಿಗೆ ಮಕ್ಕಳು.

ಮುಂದಿನ ಭಾನುವಾರ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: “ಓಡಬೇಡ ಅನ್ನಬೇಡಿ ಅಮ್ಮ. ಒಬ್ಬನೇ ಓಡಬೇಡ ಅನ್ನಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಯಾರಿಗಾದರೂ ಹೇಳಿ ಹೋಗಲಿ. ಎಲ್ಲಿಂದ ಹಿಂದಿರುಗಬೇಕೆಂದು ಬೆಚ್ಚಗೆ ಮನೆಯಲ್ಲಿರುವಾಗಲೇ ತೀರ್ಮಾನಿಸಲಿ. ಬೆರಳಿನ ನೋವು ನಿಂತರೆ ಓಟವನ್ನೂ ನಿಲ್ಲಿಸಿ ಬೆಚ್ಚಗಿನ ಜಾಗಕ್ಕೆ ಸೇರಲಿ.”

ಓದುಗರೇ, ನಿಮ್ಮ ಮನೆಯಲ್ಲಿ ಯಾರಾದರೂ ‘ಈಗ ಏನೂ ಅನ್ನಿಸುವುದಿಲ್ಲ’ ಎಂದು ಹೇಳುತ್ತಿದ್ದಾರೆಯೇ? ಈ ಸಂಜೆ ಜಪಮಾಲೆಯ ನಂತರ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.