ಹರಕೆ, ಕಡತ, ಫಲ: ಚಿಲ್ಕೂರಿನಲ್ಲಿ ಕಾಮ್ಯಕರ್ಮದ ವಿಚಾರ

ಹೈದರಾಬಾದಿನ ಹೊರವಲಯದಲ್ಲಿ, ಉಸ್ಮಾನ್ ಸಾಗರದ ದಂಡೆಯ ಮೇಲಿರುವ ಚಿಲ್ಕೂರಿನ ಬಾಲಾಜಿಗೆ ‘ವೀಸಾ ಬಾಲಾಜಿ’ ಎಂಬ ಹೆಸರು ರೂಢಿಯಲ್ಲಿದೆ. ಹೊರದೇಶಕ್ಕೆ ಓದಲೋ ದುಡಿಯಲೋ ಹೊರಟವರು ಅಲ್ಲಿ ಹರಕೆ ಹೊತ್ತು 11 ಪ್ರದಕ್ಷಿಣೆ ಹಾಕುತ್ತಾರೆ. ಬೇಡಿದ್ದು ಕೈಗೂಡಿದ ಮೇಲೆ ಮರಳಿ ಬಂದು 108 ಪ್ರದಕ್ಷಿಣೆಗಳಿಂದ ಹರಕೆ ತೀರಿಸುತ್ತಾರೆ. ಎಣಿಕೆ ತಪ್ಪದಿರಲೆಂದು ಅಂಕಿಗಳನ್ನು ಅಚ್ಚುಹಾಕಿದ ಚೀಟಿಯನ್ನು ಹಿಡಿದು, ಸುತ್ತು ಮುಗಿದಂತೆಲ್ಲ ಒಂದೊಂದು ಅಂಕಿಗೆ ಗುರುತು ಹಾಕುತ್ತ ನಡೆಯುವ ಭಕ್ತರು ಅಲ್ಲಿನ ನಿತ್ಯದ ನೋಟ. ಆ ಗುಡಿಯಲ್ಲಿ ಹುಂಡಿಯಿಲ್ಲ, ವಿಶೇಷ ದರ್ಶನದ ಟಿಕೆಟ್ಟೂ ಇಲ್ಲ. ಆದ್ದರಿಂದ ಈ ಹರಕೆಯನ್ನು ಹಣದ ವ್ಯವಹಾರವೆಂದು ತಳ್ಳಿಹಾಕಲು ಬರುವುದಿಲ್ಲ. ಆದರೂ ಸರ್ಕಾರವೊಂದು ಕೊಡಬೇಕಾದ ಅನುಮತಿಗಾಗಿ ದೇವರನ್ನು ಬೇಡುವುದು ಭಕ್ತಿಯೆನಿಸೀತೇ ಎಂಬ ಪ್ರಶ್ನೆ ಉಳಿಯುತ್ತದೆ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಫಲದಾಸೆಯ ಪೂಜೆಯನ್ನು ಒಪ್ಪದೆ, ಕಾಯಕವನ್ನೇ, ಅಂದರೆ ಪ್ರಾಮಾಣಿಕ ದುಡಿಮೆಯನ್ನೇ, ಆರಾಧನೆಯ ಮಟ್ಟಕ್ಕೆ ಏರಿಸಿದರು. ಭಗವದ್ಗೀತೆಯ ಏಳನೆಯ ಅಧ್ಯಾಯವಾದರೋ ದೇವರನ್ನು ಭಜಿಸುವವರಲ್ಲಿ ಆರ್ತ (ಸಂಕಟದಲ್ಲಿರುವವನು), ಜಿಜ್ಞಾಸು (ತಿಳಿಯಬಯಸುವವನು), ಅರ್ಥಾರ್ಥಿ (ಲೌಕಿಕ ಫಲ ಬಯಸುವವನು), ಜ್ಞಾನಿ ಎಂಬ ನಾಲ್ವರನ್ನು ಹೆಸರಿಸಿ, ಜ್ಞಾನಿಯೇ ಮೇಲೆಂದರೂ ಉಳಿದ ಮೂವರನ್ನು ಉದಾರರೆಂದೇ ಕರೆಯುತ್ತದೆ. ಹಾಗೆ ನೋಡಿದರೆ ವೀಸಾ ಬೇಡುವವನು ಅರ್ಥಾರ್ಥಿ. ಅವನ ಭಕ್ತಿ ಕೆಳಮೆಟ್ಟಿಲಿನದಾದರೂ ಭಕ್ತಿಯೇ.

ಬೇಡಿಕೆ ಸಲ್ಲುವುದಾದರೆ ಬೇಡುವವನ ಹೊಣೆಯೇನು ಎಂಬುದಕ್ಕೆ ಪೂರ್ವಮೀಮಾಂಸೆ, ಅಂದರೆ ವೈದಿಕ ಕರ್ಮದ ವಿಧಿಗಳನ್ನು ವಿಚಾರಮಾಡುವ ಶಾಸ್ತ್ರ, ನೆರವಾಗುತ್ತದೆ. ಅದರ ಪ್ರಕಾರ ತಪ್ಪದೆ ಮಾಡಲೇಬೇಕಾದ ನಿತ್ಯಕರ್ಮವನ್ನು ಶಕ್ತಿಯಿದ್ದಷ್ಟು ಮಾಡಿದರೂ ನಡೆಯುತ್ತದೆ; ಫಲವೊಂದನ್ನು ಬಯಸಿ ಮಾಡುವ ಕಾಮ್ಯಕರ್ಮಕ್ಕೆ ಮಾತ್ರ ಎಲ್ಲ ಅಂಗಗಳೂ ಪೂರ್ಣವಾಗಿರಬೇಕು. ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಹೊರಟ ಹೈದರಾಬಾದಿನ ಶಿಕ್ಷಕಿಯ ವೀಸಾ ಕಡತಕ್ಕೂ ಇದೇ ನಿಯಮ. 1958ರಲ್ಲಿ ಇಂಗ್ಲಿಷಿನ ಕೇಂದ್ರೀಯ ಸಂಸ್ಥೆಯಾಗಿ ಆರಂಭವಾಗಿ ಇಂದು ಇಫ್ಲೂ ಎಂದು ಹೆಸರಾದ ವಿಶ್ವವಿದ್ಯಾಲಯದ ಪದವಿಯೇ ಅವಳ ಕೈಯಲ್ಲಿದ್ದರೂ ಅದೊಂದೇ ಸಾಲದು. ಪದವಿಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳಬೇಕು; ಭಾರತ 2005ರಲ್ಲಿ ಸೇರಿದ ಹೇಗ್ ಒಪ್ಪಂದದ ದೇಶಗಳಿಗೆ ‘ಅಪೊಸ್ಟಿಲ್’ ಎಂಬ ಆ ಮುದ್ರೆಯೇ ಸಾಕಾದರೆ, ಅದರಲ್ಲಿಲ್ಲದ ಯುಎಇಗೆ ಹೊರಟವಳು ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಪಡೆಯಬೇಕು. ಇವುಗಳ ಜೊತೆಗೆ ಅನುಭವಪತ್ರ, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆಗಳಲ್ಲಿ ಕೇಳಿದ್ದೊಂದು ಕಡಿಮೆಯಾದರೂ ಕಡತ ಮುಂದೆ ಸಾಗುವುದಿಲ್ಲ. ಈ ಅಂಗಗಳನ್ನು ಕೂಡಿಸುವುದು ಬೇಡುವವಳ ಕೆಲಸವೇ ಹೊರತು ದೇವರದಲ್ಲ.

ಎಲ್ಲ ಅಂಗಗಳೂ ಕೂಡಿದ ಮೇಲೂ ವೀಸಾ ಸಿಗದಿರಬಹುದು. ಗೀತೆಯ ಹದಿನೆಂಟನೆಯ ಅಧ್ಯಾಯ ಕಾರ್ಯಸಿದ್ಧಿಗೆ ಅಧಿಷ್ಠಾನ (ಆಶ್ರಯ), ಕರ್ತೃ, ಕರಣ (ಸಾಧನಗಳು), ಚೇಷ್ಟೆ (ಪ್ರಯತ್ನ), ದೈವ ಎಂಬ ಐದು ಕಾರಣಗಳನ್ನು ಹೇಳಿ, ದೈವವನ್ನು ಐದನೆಯದಾಗಿ ಎಣಿಸುತ್ತದೆ. ಆದರೆ ಮನುಷ್ಯನ ಕೈಮೀರಿದ್ದೆಲ್ಲವೂ ದೈವವಲ್ಲ. ದಕ್ಷಿಣ ಕೊರಿಯಾದ ಭಾಷಾಶಿಕ್ಷಕರ ಇ-2 ವೀಸಾ ಇಂಗ್ಲಿಷಿನ ಮಟ್ಟಿಗೆ ಬಹುಪಾಲು ಅಮೆರಿಕ, ಬ್ರಿಟನ್ ಮೊದಲಾದ 7 ದೇಶಗಳ ಪ್ರಜೆಗಳಿಗೆ ಮೀಸಲಾಗಿತ್ತು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ಅರ್ಹ ಭಾರತೀಯ ಶಿಕ್ಷಕರಿಗೂ ಸಹಾಯಕ ಬೋಧಕರಾಗಿ ಹೋಗುವ ದಾರಿ ತೆರೆಯಿತು. ಹುಟ್ಟಿದ ದೇಶದ ಫಲವೆಂದು ಹಣೆಬರಹಕ್ಕೆ ಹಚ್ಚಬಹುದಾಗಿದ್ದ ತಡೆ ಎರಡು ಸರ್ಕಾರಗಳ ಸಹಿಯಿಂದ ಸಡಿಲವಾಯಿತೆಂದರೆ, ಅದು ಮನುಷ್ಯರು ಹಾಕಿದ ತಡೆಯೇ ಆಗಿತ್ತು. ಕಾನೂನಿನ ಅನ್ಯಾಯವನ್ನು ದೈವವೆಂದು ಒಪ್ಪಿಕೊಂಡು ಸುಮ್ಮನಾಗುವುದು ಭಕ್ತಿಯ ಲಕ್ಷಣವಲ್ಲ.

ಇನ್ನು ಹರಕೆಯ ನಿಜವಾದ ಕಳಂಕ ಬೇರೆ ಕಡೆಗಿದೆ. ಕಲಿಸದ ಶಾಲೆಯ ಅನುಭವಪತ್ರವನ್ನು ದುಡ್ಡು ಕೊಟ್ಟು ಮಾಡಿಸಿ, ಬ್ಯಾಂಕಿನ ಖಾತೆಯಲ್ಲಿ ನಾಲ್ಕು ದಿನದ ಮಟ್ಟಿಗೆ ಸಾಲದ ಹಣ ತೋರಿಸಿ, ಆಮೇಲೆ ಪ್ರದಕ್ಷಿಣೆಗೆ ನಿಂತವನು ಬೇಡುತ್ತಿರುವುದು ಫಲವನ್ನಲ್ಲ, ತನ್ನ ಸುಳ್ಳಿಗೆ ದೇವರ ಸಹಿಯನ್ನು. ಕಾಮ್ಯಕರ್ಮದಲ್ಲಿ ಅಂಗವೊಂದು ಕೊರತೆಯಾದರೆ ಫಲ ತಪ್ಪುತ್ತದೆ, ಅಷ್ಟೆ. ಅಂಗವೇ ಸುಳ್ಳಾದರೆ ಫಲ ದಕ್ಕಿದಾಗಲೂ ಕರ್ಮ ಕೆಟ್ಟಂತೆಯೇ, ಏಕೆಂದರೆ ಪಾಠ ಹೇಳಲು ಹೊರಟವನ ಮೊದಲ ಮಾತೇ ಅಸತ್ಯವಾಗಿರುತ್ತದೆ. ಆದ್ದರಿಂದ ಶರಣರ ಆಕ್ಷೇಪವೂ ಗೀತೆಯ ಔದಾರ್ಯವೂ ಒಂದು ಕಡೆ ಸೇರುತ್ತವೆ: ಲೌಕಿಕವಾದುದನ್ನು ಬೇಡಿದ ಮಾತ್ರಕ್ಕೆ ಹರಕೆ ಹೀನವಾಗದು, ಕಡತ ಸುಳ್ಳಾದರೆ ಎಷ್ಟು ಪ್ರದಕ್ಷಿಣೆ ಹಾಕಿದರೂ ಅದು ಶುದ್ಧವಾಗದು.