ನೆರಳು ನನಗೆ, ಕಸ ಅವರಿಗೆ

ನಮ್ಮ ಬೀದಿಯಲ್ಲೊಂದು ಹೊಂಗೆ ಮರವಿದೆ. ಅದು ಇರುವುದು ಎದುರುಮನೆ ಮೇಷ್ಟ್ರ ಗೇಟಿನ ಪಕ್ಕ, ಫುಟ್‌ಪಾತಿನ ಮೇಲೆ. ಆದರೆ ಅದರಿಂದ ಸುಖಪಡುವವನು ನಾನು. ನಮ್ಮದು ಪಶ್ಚಿಮಕ್ಕೆ ಬಾಗಿಲಿರುವ ಮನೆ. ಮಧ್ಯಾಹ್ನ ಮೂರರ ಬಿಸಿಲು ಜಗಲಿಗೆ ಹೊಡೆಯುವ ಹೊತ್ತಿಗೆ ಸರಿಯಾಗಿ ಆ ಮರದ ನೆರಳು ರಸ್ತೆ ದಾಟಿ ನಮ್ಮ ಕಡೆಗೆ ಬರುತ್ತದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಓದಿದ ಪುಸ್ತಕಗಳಲ್ಲಿ ಬಹುಪಾಲು ಆ ನೆರಳಿನಲ್ಲೇ ಓದಿದ್ದು. ಮೇಷ್ಟ್ರ ಮನೆಗೆ ಸಿಗುವುದು ಅದರ ಬೆಳಗಿನ ನೆರಳು. ಡಿಸೆಂಬರಿನ ಚಳಿಯಲ್ಲಿ ಎಳೆಬಿಸಿಲಿಗೆ ಮೈಯೊಡ್ಡಿ ಕೂರಬೇಕು ಅನ್ನಿಸುವ ವಯಸ್ಸಿನವರಿಗೆ ಅದು ಬೇಡದ ನೆರಳು.

ಹೊಂಗೆ ನೆರಳು ಹೆತ್ತ ತಾಯಿಯ ಮಡಿಲು ಅನ್ನುತ್ತಾರೆ. ಮಡಿಲು ನನಗೆ ಸಿಕ್ಕಿತ್ತು. ಉಳಿದದ್ದೆಲ್ಲ ಮೇಷ್ಟ್ರಿಗೆ. ಶಿವರಾತ್ರಿಯ ಹೊತ್ತಿಗೆ ಉದುರುವ ಎಲೆ, ಯುಗಾದಿ ಕಳೆದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಬೀಳುವ ಹೂವು, ಆಮೇಲೆ ಕಾಯಿ, ವರ್ಷವಿಡೀ ಹಕ್ಕಿ ಹಿಕ್ಕೆ. ಬೇರು ಬೆಳೆದು ಅವರ ಕಾಂಪೌಂಡ್ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ ಮಳೆ ಬಂತು. ಬೆಳಿಗ್ಗೆ ರಂಗೋಲಿ ಹಾಕಲು ಹೊರಗೆ ಬಂದ ಮೇಷ್ಟ್ರ ಹೆಂಡತಿ ನೆನೆದ ಹೂವಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಮೂರು ತಿಂಗಳು ಹಾಸಿಗೆಯಾಯಿತು, ಆಮೇಲೆ ವಾಕರ್ ಬಂತು. ಅಕ್ಕ ಮನೆಗೆ ಬಂದ ವಾರಕ್ಕೆ ಮೇಷ್ಟ್ರು ಮರ ಕಡಿಸಲು ಅರ್ಜಿ ಹಾಕಿದರು.

ಈ ಅರ್ಜಿಯ ವಿಷಯ ಸ್ವಲ್ಪ ಹೇಳಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ನಮ್ಮದೇ ಹಿತ್ತಲಿನಲ್ಲಿದ್ದರೂ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಅರ್ಜಿ ಬಂದ ಮೇಲೆ ಅಧಿಕಾರಿ ಮರವನ್ನು ಪರಿಶೀಲಿಸಿ, ವಿಚಾರಣೆ ಮಾಡಿ, ಅನುಮತಿಯನ್ನು ಪೂರ್ತಿ ಕೊಡಬಹುದು, ಭಾಗಶಃ ಕೊಡಬಹುದು, ಇಲ್ಲವೆನ್ನಲೂಬಹುದು. ಆದರೆ ಕೆಲವು ಸಂದರ್ಭಗಳಲ್ಲಿ ಇಲ್ಲವೆನ್ನುವಂತಿಲ್ಲ: ಮರ ಸತ್ತಿದ್ದರೆ, ರೋಗ ಬಿದ್ದಿದ್ದರೆ, ಗಾಳಿಗೆ ಉರುಳಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತಂದಿದ್ದರೆ. ಮೇಷ್ಟ್ರು ವ್ಯಾಕರಣ ಕಲಿಸಿದವರು. ಅರ್ಜಿಯಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. 'ಜೀವಕ್ಕೂ ಆಸ್ತಿಗೂ ಅಪಾಯ' ಎಂದು ಬರೆದು, ಕೆಳಗೆ ಎಕ್ಸ್‌ರೇ ಪ್ರತಿಯನ್ನೂ ಬಿರುಕಿನ ಫೋಟೋವನ್ನೂ ಲಗತ್ತಿಸಿದ್ದರು.

ಪರಿಶೀಲನೆಗೆ ಬಂದ ಅಧಿಕಾರಿ ಒಳ್ಳೆಯವರು. ಸುಮ್ಮನೆ ಷರಾ ಬರೆದು ಹೋಗದೆ ಅಕ್ಕಪಕ್ಕದವರನ್ನೂ ಕೇಳಿದರು. ಅವರು ಕೇಳಲೇಬೇಕೆಂಬ ನಿಯಮವೇನಿಲ್ಲ. ಸಾರ್ವಜನಿಕ ಕೆಲಸಕ್ಕೆಂದು 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕರೆಯಬೇಕು. ಒಂದು ಮರದ ವಿಷಯಕ್ಕೆ ಬೀದಿಯವರನ್ನು ಕೇಳುವುದು ಅಧಿಕಾರಿಯ ಸೌಜನ್ಯ. ಅವರು ಕೇಳಿದರು, ನಾನು ಆಕ್ಷೇಪಣೆ ಬರೆದುಕೊಟ್ಟೆ. ಎರಡು ಪುಟ.

ಆ ಎರಡು ಪುಟದಲ್ಲಿ ಏನೆಲ್ಲ ಬರೆದಿದ್ದೆ! 2021ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿಯೊಂದು ಮರದ ಬೆಲೆಯನ್ನು ವರ್ಷಕ್ಕೆ 74,500 ರೂಪಾಯಿ ಎಂದು ಕಟ್ಟಿತ್ತು. ಅದನ್ನು ಮರದ ವಯಸ್ಸಿನಿಂದ ಗುಣಿಸಬೇಕು. ನಮ್ಮ ಹೊಂಗೆಗೆ ಮೂವತ್ತು ವರ್ಷ. 22,35,000 ರೂಪಾಯಿ ಎಂದು ಲೆಕ್ಕ ಮಾಡಿ ಬರೆದಿದ್ದೆ. ಬ್ಯಾಂಕಿನವನಲ್ಲವೇ, ಲೆಕ್ಕ ತಪ್ಪಿರಲಿಲ್ಲ. ಬೇರು ಗೋಡೆ ಒಡೆದದ್ದಕ್ಕೆ ಮರದ ತಪ್ಪಿಲ್ಲ, ಬುಡದವರೆಗೂ ಕಾಂಕ್ರೀಟ್ ಸುರಿದವರ ತಪ್ಪು ಎಂದೂ ಬರೆದಿದ್ದೆ. ಅದು ಈಗಲೂ ನಿಜವೆಂದೇ ನನ್ನ ನಂಬಿಕೆ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಇರಬಾರದು, ಇರುವುದನ್ನು ತೆಗೆಯಬೇಕು ಎಂದು ಹೇಳಿತ್ತು. ನೀರು ಇಳಿಯಲು ಜಾಗ ಸಿಗದ ಬೇರು ಎಲ್ಲಿ ಸಂದು ಸಿಕ್ಕರೆ ಅಲ್ಲಿ ನುಗ್ಗುತ್ತದೆ.

ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಬರೆಯದೆ ಬಿಟ್ಟದ್ದು ಮೂರು ಸಂಗತಿ.

ಒಂದು, ಮಧ್ಯಾಹ್ನದ ನೆರಳು ನನ್ನ ಜಗಲಿಗೆ ಬರುತ್ತದೆ ಎಂಬುದು. ಎರಡು, ಆ ಮರವನ್ನು ನೆಟ್ಟವರು ಮೇಷ್ಟ್ರೇ ಎಂಬುದು. ಈ ಬಡಾವಣೆಗೆ ಮೊದಲು ಬಂದವರು ಅವರು. ನಲ್ಲಿ ಇಲ್ಲದ ಕಾಲದಲ್ಲಿ ಬೋರ್‌ವೆಲ್‌ನಿಂದ ಬಿಂದಿಗೆಯಲ್ಲಿ ನೀರು ತಂದು, ಹಸು ತಿನ್ನದ ಹಾಗೆ ಮುಳ್ಳು ಕಟ್ಟಿ ಬೆಳೆಸಿದ ಗಿಡ ಅದು. ನಾನು ಅದಕ್ಕೆ ಒಂದು ಚೊಂಬು ನೀರು ಹಾಕಿದವನಲ್ಲ. ಮೂರನೆಯದು ಹೇಳಲು ನಾಚಿಕೆಯಾಗುತ್ತದೆ. ನನ್ನ ಸೈಟಿನಲ್ಲಿ ಒಂದು ನೇರಳೆ ಮರವಿತ್ತು. ಮನೆ ಕಟ್ಟುವಾಗ ಅಡಿಗೆಮನೆಯ ಮೂಲೆಗೆ ಅಡ್ಡ ಬಂತು. "ನಿಮ್ ಸೈಟು, ನಿಮ್ ಮರ ಸಾರ್. ಯಾರನ್ ಕೇಳೋದು?" ಅಂದರು ಮೇಸ್ತ್ರಿ. ನಾನೂ ಯಾರನ್ನೂ ಕೇಳಲಿಲ್ಲ. ಕಾಯ್ದೆ ಆಗಲೂ ಇತ್ತು. ಒಂದು ಬೆಳಿಗ್ಗೆ ಗರಗಸ ತಂದರು, ಮಧ್ಯಾಹ್ನ ಊಟದ ಹೊತ್ತಿಗೆ ಮರ ಇರಲಿಲ್ಲ. ಆ ನೇರಳೆಗೆ ಆಕ್ಷೇಪಣೆ ಬರೆಯುವವರು ಯಾರೂ ಇರಲಿಲ್ಲ.

ಹಾಗಾದರೆ ನನಗೆ ಆಕ್ಷೇಪಿಸುವ ಹಕ್ಕಿತ್ತೇ? ಈ ಪ್ರಶ್ನೆ ಎರಡು ವರ್ಷದಿಂದ ನನ್ನ ಜೊತೆಗಿದೆ.

ಸಾಲುಮರದ ತಿಮ್ಮಕ್ಕನವರ ಸಂಗತಿ ನೆನಪಾಗುತ್ತದೆ. ಮಾಗಡಿ ತಾಲೂಕಿನ ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಗಂಡ ಚಿಕ್ಕಯ್ಯನವರ ಜೊತೆ ನೀರು ಹೊತ್ತು ಆಲದ ಮರಗಳನ್ನು ಬೆಳೆಸಿದವರು ಅವರು. 385 ಮರ ಎಂದು ಲೆಕ್ಕ. ಮಕ್ಕಳಿಲ್ಲದ ಅವರು ಮರಗಳನ್ನೇ ಮಕ್ಕಳೆಂದರು. 2019ರಲ್ಲಿ ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಹಾಗಾದಾಗ ಸರ್ಕಾರದ ಬಳಿ ಹೋಗಿ ಅವನ್ನು ಉಳಿಸಿಕೊಡಿ ಎಂದು ಕೇಳಬೇಕಾಯಿತು. ಕಾಗದದ ಪ್ರಕಾರ ನೋಡಿದರೆ ಅವು ಅವರ ಮರಗಳಲ್ಲ, ರಸ್ತೆ ಬದಿಯ ಸರ್ಕಾರಿ ಮರಗಳು. ಆದರೂ ಅವರ ಮಾತಿಗೆ ತೂಕವಿತ್ತು. ಯಾಕೆಂದರೆ ನೀರು ಹೊತ್ತವರು ಅವರು. ಹಕ್ಕು ಹುಟ್ಟುವುದು ಖಾತೆಯಿಂದಲ್ಲ, ಸಾಕಿದ ಕೈಯಿಂದ ಎಂದು ನಮಗೆಲ್ಲ ಒಳಗೇ ಗೊತ್ತು.

ಈ ನ್ಯಾಯವನ್ನು ನಮ್ಮ ಬೀದಿಗೆ ತಂದರೆ ಹಕ್ಕು ಮೇಷ್ಟ್ರದು. ನೀರು ಹೊತ್ತವರು ಅವರು. ತಿಮ್ಮಕ್ಕ ಉಳಿಸಿ ಅಂದರು, ಮೇಷ್ಟ್ರು ಕಡಿಯಿರಿ ಅನ್ನುತ್ತಿದ್ದಾರೆ. ಸಾಕಿದವರ ಮಾತು ನಮಗೆ ಹಿತವಾದಾಗ ಮಾತ್ರ ಒಪ್ಪುತ್ತೇವೆ ಎಂದರೆ ಅದು ನ್ಯಾಯವಾಗದು.

ಇಲ್ಲಿ ನಾನು ಬಹಳ ದಿನ ನಿಂತಿದ್ದೆ. ಆಮೇಲೆ ಮಕ್ಕಳು ಎಂಬ ಆ ಮಾತೇ ದಾರಿ ತೋರಿಸಿತು. ಮಗುವನ್ನು ಸಾಕಿದವರಿಗೆ ಅದರ ಮೇಲೆ ಎಷ್ಟೋ ಹಕ್ಕುಗಳಿವೆ, ಕೊಲ್ಲುವ ಹಕ್ಕಿಲ್ಲ. ಗಿಡ ಮೊಣಕಾಲೆತ್ತರ ಇರುವಾಗ ಅದು ನೆಟ್ಟವರದು. ಅದಕ್ಕೆ ಅವರ ನೀರು ಬೇಕು, ಅವರ ಮುಳ್ಳುಬೇಲಿ ಬೇಕು. ಬೇರು ತಾನೇ ನೀರು ಹುಡುಕಿಕೊಳ್ಳುವಷ್ಟು ಆಳಕ್ಕೆ ಇಳಿದ ಮೇಲೆ, ಅದರಲ್ಲಿ ಕಾಗೆ ಗೂಡು ಕಟ್ಟಿದ ಮೇಲೆ, ಅದರ ಕೆಳಗೆ ತರಕಾರಿ ಗಾಡಿಯವನು ಉಸಿರು ಬಿಡಲು ನಿಂತ ಮೇಲೆ ಅದು ಬೀದಿಯದಾಗುತ್ತದೆ. ಸ್ವಂತ ಹಿತ್ತಲಿನ ಮರಕ್ಕೂ ಅನುಮತಿ ಕೇಳು ಎನ್ನುವ ಕಾಯ್ದೆಯ ಒಳಗೆ ಇರುವುದು ಇದೇ ವಿವೇಕ ಎಂದು ನನಗೆ ತೋರುತ್ತದೆ. ಆದ್ದರಿಂದ ಮರ ಮೇಷ್ಟ್ರೊಬ್ಬರದಲ್ಲ.

ಆದರೆ ವಾದ ಇಲ್ಲಿಗೆ ನಿಂತರೆ ನನಗೆ ಬಹಳ ಅನುಕೂಲ. ಮರ ಬೀದಿಯದಾದರೆ ಅದರ ಹೂವೂ ಬೀದಿಯದು, ಎಲೆಯೂ ಬೀದಿಯದು, ಜಾರಿ ಬಿದ್ದ ಅಕ್ಕನ ಸೊಂಟವೂ ಬೀದಿಯ ಹೊಣೆ. ನೆರಳನ್ನು ಎಲ್ಲರದು ಎಂದು ಹಂಚಿಕೊಂಡು ಕಸವನ್ನು ಅವರಿಗೇ ಬಿಟ್ಟಿದ್ದೆವು. ನಾನು ಗುಣಿಸಿದ 22,35,000 ರೂಪಾಯಿಯಲ್ಲಿ ಆಮ್ಲಜನಕಕ್ಕೆ ಬೆಲೆಯಿತ್ತು, ಗೊಬ್ಬರಕ್ಕೆ ಬೆಲೆಯಿತ್ತು. ದಿನಾ ಬೆಳಿಗ್ಗೆ ಬಗ್ಗಿ ಗುಡಿಸುವ ಬೆನ್ನನ್ನು ಯಾರೂ ಕಳೆದಿರಲಿಲ್ಲ. ಕಳೆಯಬೇಕಾದ್ದನ್ನು ಕಳೆಯದೆ ತೆಗೆದ ಶಿಲ್ಕು ಅದು. ಬ್ಯಾಂಕಿನಲ್ಲಿ ಹಾಗೆ ಮಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಇದು ನಮ್ಮ ಬೀದಿಯ ಮಾತಷ್ಟೇ ಅಲ್ಲ. ಬೆಂಗಳೂರಿಗೆ ಬಂದ ಜರ್ಮನಿ ಮೂಲದ ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತು, ಒಂದು ಜಾತಿ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ರಸ್ತೆಗಳಿಗೆ ಮರ ಹಂಚಿದರು. 80ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ನಗರದ ತುಂಬ ಲಕ್ಷಾಂತರ ಗಿಡ ನೆಡಿಸಿದರು. 2016ರಲ್ಲಿ ಉಕ್ಕಿನ ಮೇಲ್ಸೇತುವೆಗೆ 812 ಮರ ಹೋಗುತ್ತವೆ ಎಂದಾಗ ಜನ ಕೈಕೈ ಹಿಡಿದು ಬೀದಿಯಲ್ಲಿ ನಿಂತರು, ಮರುವರ್ಷ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಹೂ ಬಿಟ್ಟ ಟಬೆಬೂಯಾದ ಫೋಟೋ ಹಂಚುವ ನಾವು ಏಳುವ ಮೊದಲೇ ಅದನ್ನು ಗುಡಿಸಿರುತ್ತಾರೆ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಹೆಣ್ಣುಮಗಳಿಗೆ ಒಮ್ಮೆ, "ಏನಮ್ಮ, ಹೂವು ಎಷ್ಟು ಚೆನ್ನಾಗಿದೆ ನೋಡು" ಅಂದೆ. "ಮ್ಯಾಲಿದ್ರೆ ಚೆಂದ ಸ್ವಾಮಿ" ಅಂದಳು, ಪೊರಕೆ ನಿಲ್ಲಿಸದೆ.

2025ರಲ್ಲಿ ಉತ್ತರ ಪ್ರದೇಶದಲ್ಲಿ 454 ಮರ ಕಡಿದವರ ಮೇಲೆ ಸುಪ್ರೀಂ ಕೋರ್ಟ್ ಮರಕ್ಕೆ ಒಂದು ಲಕ್ಷದಂತೆ ದಂಡ ಎತ್ತಿಹಿಡಿಯುವಾಗ, ಅಷ್ಟೊಂದು ಮರ ಕಡಿಯುವುದು ಮನುಷ್ಯನನ್ನು ಕೊಲ್ಲುವುದಕ್ಕಿಂತ ಕೆಟ್ಟದ್ದು ಎಂಬರ್ಥದ ಮಾತು ಹೇಳಿತು. ರಾತ್ರೋರಾತ್ರಿ ತೋಪು ಸವರಿದವರಿಗೆ ಆ ಮಾತು ತಕ್ಕದ್ದೇ. ಆದರೆ ವಾಕರ್ ಹಿಡಿದು ಬಾಗಿಲ ಹೊಸ್ತಿಲವರೆಗೆ ಬಂದು ವಾಪಸು ಹೋಗುವ ಅಕ್ಕನ ಎದುರು ನಿಂತು ನಾನು ಅದನ್ನು ಹೇಳಲಾರೆ. ಮರವನ್ನೂ ಮನುಷ್ಯರನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗೆ ಹಾಕಿದ ಕೂಡಲೇ ನನ್ನಂಥವನು ಪಕ್ಕಕ್ಕೆ ಸರಿದು ತೂಗುವವನಾಗಿಬಿಡುತ್ತಾನೆ. ಅಲ್ಲಿ ತಟ್ಟೆಗೆ ಹತ್ತಬೇಕಾದವನು ನಾನೂ ಒಬ್ಬ.

ಆದೇಶ ಬಂತು. ಕಡಿಯಲು ಅನುಮತಿ ಇಲ್ಲ, ಗೇಟಿನ ಮೇಲೆ ಚಾಚಿದ ಕೊಂಬೆಗಳನ್ನು ಸವರಬಹುದು. ಮೇಷ್ಟ್ರು ಮೇಲ್ಮನವಿ ಹೋಗಬಹುದಿತ್ತು, ಹೋಗಲಿಲ್ಲ. ಎರಡು ದಿನ ನಾನು ಜಗಲಿಗೆ ಬರಲಿಲ್ಲ. ಮೂರನೆಯ ದಿನ ಹಾಲು ತರಲು ಹೋದಾಗ ಸಿಕ್ಕರು.

"ಗೆದ್ರಿ ಬಿಡಿ," ಅಂದರು.

"ಗೆಲ್ಲೋದೇನು ಬಂತು ಮೇಷ್ಟ್ರೇ..."

"ಅಲ್ಲ, ಗೆದ್ದಿದೀರಿ. ನಾಳೆಯಿಂದ ಪೊರಕೆ ತಗೊಂಡ್ ಬನ್ನಿ."

ಅವರು ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅವರು ಹೇಳಿದ್ದರಲ್ಲಿ ತಪ್ಪೇನಿದೆ?" ಅಂದಳು. ಮರುದಿನ ಆರು ಗಂಟೆಗೆ ಕಡ್ಡಿಪೊರಕೆ ಹಿಡಿದು ರಸ್ತೆ ದಾಟಿದೆ.

ಎರಡು ಹೂವಿನ ಕಾಲ ಕಳೆದಿವೆ. ಹೊಂಗೆ ಹೂವು ಒಣಗಿದ್ದಾಗ ಪೊರಕೆಗೆ ಸಿಗದೆ ಹಾರುತ್ತದೆ, ನೆನೆದಾಗ ನೆಲಕ್ಕೆ ಅಂಟಿಕೊಳ್ಳುತ್ತದೆ ಎಂದು ನನಗೀಗ ಗೊತ್ತು. ಗುಡಿಸಿ ಬಂದು ಅರ್ಧ ಗಂಟೆಗೆ ಮತ್ತೆ ಅಷ್ಟೇ ಬಿದ್ದಿರುತ್ತದೆ ಎಂದೂ ಗೊತ್ತು. ಮರದ ಬುಡದ ಸುತ್ತ ಕಾಂಕ್ರೀಟ್ ಒಡೆಸಿಕೊಡಿ ಎಂದು ಇಬ್ಬರೂ ಸೇರಿ ಅರ್ಜಿ ಹಾಕಿದ್ದೇವೆ. ಬರೆದದ್ದು ಮೇಷ್ಟ್ರು, ಕೆಳಗೆ ಇಬ್ಬರ ಸಹಿ. ಗೋಡೆ ರಿಪೇರಿಗೆ ಅರ್ಧ ದುಡ್ಡು ನಾನು ಕೊಡುತ್ತೇನೆಂದೆ. ಅವರು ಬೇಡವೆಂದರು, ಆಮೇಲೆ ತೆಗೆದುಕೊಂಡರು.

ಇದರಿಂದ ನೇರಳೆಯ ಸಾಲ ತೀರಿತೆಂದು ನಾನು ಅಂದುಕೊಂಡಿಲ್ಲ. ಕಡಿದ ಮರಕ್ಕೆ ಬದಲು ಗಿಡ ನೆಡಬೇಕೆಂದು ಕಾಯ್ದೆ ಹೇಳುತ್ತದೆ. ನೆಟ್ಟ ಗಿಡ ನೆಟ್ಟ ದಿನಕ್ಕೆ ಗಿಡ ಮಾತ್ರ. ಮೂವತ್ತು ವರ್ಷವನ್ನು ಯಾರೂ ನರ್ಸರಿಯಿಂದ ತರಲಾರರು. ಆದರೆ ಒಂದು ಮಾತನ್ನು ಈಗ ನಾನು ಧೈರ್ಯವಾಗಿ ಹೇಳಬಲ್ಲೆ: ಮರ ಕಡಿಯುವವರಿಂದ ಅರ್ಜಿ ತೆಗೆದುಕೊಳ್ಳುವ ಹಾಗೆ, ಕಡಿಯಬೇಡಿ ಅನ್ನುವವರಿಂದಲೂ ಒಂದು ಮುಚ್ಚಳಿಕೆ ತೆಗೆದುಕೊಳ್ಳಬೇಕು. ಎಲೆ ಯಾರು ಗುಡಿಸುತ್ತಾರೆ, ಗೋಡೆ ಯಾರು ಕಟ್ಟುತ್ತಾರೆ, ಬಿದ್ದವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆಸಿಕೊಳ್ಳಬೇಕು. ಊರಿನ ಮಟ್ಟದಲ್ಲಾದರೆ ಆ ಮುಚ್ಚಳಿಕೆ ಬರೆಯಬೇಕಾದದ್ದು ನಗರಸಭೆ. ಗುಡಿಸುವವರ ಸಂಖ್ಯೆಯಲ್ಲಿ, ಅವರ ಸಂಬಳದಲ್ಲಿ, ಮಳೆಗಾಲಕ್ಕೆ ಮುಂಚೆ ಒಣಕೊಂಬೆ ತೆಗೆಸುವುದರಲ್ಲಿ ಅದು ಕಾಣಬೇಕು.

ಈ ವರ್ಷ ನನ್ನ ಮಂಡಿ ನೋಯಲು ಶುರುವಾಗಿದೆ. ಕಳೆದ ವಾರ ಎರಡು ದಿನ ಗುಡಿಸಲು ಹೋಗಲಿಲ್ಲ. ಮೂರನೆಯ ದಿನ ಹೋದಾಗ ಗೇಟಿನ ಮುಂದೆ ಆಗಲೇ ಗುಡಿಸಿತ್ತು. ಅಕ್ಕ ಒಳಗಿನಿಂದ ಕೂಗಿ ಹೇಳಿದರು: "ಇವತ್ತು ಇವರೇ ಗುಡಿಸಿದ್ರು ಕಣಪ್ಪ. ಬಾ, ಕಾಫಿ ಕುಡಿ." ಎಂಬತ್ತು ದಾಟಿದ ಮೇಷ್ಟ್ರು ಜಗಲಿಯ ಮೇಲೆ ಏದುಸಿರು ಬಿಡುತ್ತ ಕೂತಿದ್ದರು. ಕಾಫಿ ಕುಡಿದೆ. ಮನೆಗೆ ಬಂದು ಲೆಕ್ಕ ಹಾಕಿದೆ: ಇನ್ನು ಎಷ್ಟು ವರ್ಷ ಬಗ್ಗಬಲ್ಲೆ? ನಾನು ಬಗ್ಗಲಾರದ ದಿನ, ನನ್ನ ಆ ಎರಡು ಪುಟದ ಆಕ್ಷೇಪಣೆಯನ್ನು ಯಾರಿಗೆ ವಹಿಸಿಕೊಡಲಿ? ಮಗ ಪುಣೆಯಲ್ಲಿದ್ದಾನೆ. ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗ ದಿನಾ ತನ್ನ ಕಾರನ್ನು ಆ ಮರದ ನೆರಳಿಗೇ ತಂದು ನಿಲ್ಲಿಸುತ್ತಾನೆ. ಭಾನುವಾರ ಅವನ ಹತ್ತಿರ ಮಾತಾಡಬೇಕು.