ಆಟ ಯಾರದು, ನೋಟ ಯಾರದು?

ದೂರದಲ್ಲಿ ನಡೆಯುವ ಆಟವನ್ನು ಮನೆಯಲ್ಲಿ ಕುಳಿತು ನೋಡುವ ಸೌಲಭ್ಯವು ಬಾವಿಯ ನೀರಿನಂತೆ ಎಲ್ಲರಿಗೂ ಸಲ್ಲತಕ್ಕದ್ದೋ, ಅಥವಾ ಅಂಗಡಿಯ ಅಕ್ಕಿಬೆಲ್ಲಗಳಂತೆ ಹಣ ತೆತ್ತವನಿಗೆ ಮಾತ್ರ ಸಲ್ಲತಕ್ಕ ಸರಕೋ? ಪ್ರಶ್ನೆ ಮೇಲುನೋಟಕ್ಕೆ ಹಗುರವಾಗಿ ಕಾಣಬಹುದು. ಸಾಹಿತ್ಯದ ಪತ್ರಿಕೆಯಲ್ಲಿ ಕ್ರಿಕೆಟ್ಟಿನ ಮಾತೇಕೆ ಎಂದು ಹಿರಿಯ ಉಪಾಧ್ಯಾಯರು ಹುಬ್ಬು ಗಂಟಿಕ್ಕಲೂಬಹುದು. ಆದರೆ ನಮ್ಮ ತರಗತಿಯ ಮಕ್ಕಳು ಇದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳುತ್ತಿರುವುದರಿಂದ, ಇದನ್ನು ಕುರಿತು ಕೊಂಚ ವಿಚಾರಿಸುವುದು ಅನುಚಿತವಲ್ಲವೆಂದು ನಾವು ಭಾವಿಸಿದ್ದೇವೆ.

ಸಂಗತಿ ಇಷ್ಟು. ಶಿರಿಯ, ಬಂದ್ಯೋಡು, ಉಪ್ಪಳ, ಕುಂಬಳೆಗಳ ಕಡೆ ಕೇಬಲ್ ಟಿ.ವಿ.ಯ ತಿಂಗಳ ಬಾಡಿಗೆ ಕಟ್ಟುವುದನ್ನು ಬಿಟ್ಟ ಮನೆಗಳು ಈಗ ಹಲವು. ಧಾರಾವಾಹಿ ಬೇಡವೆಂದವರು ಬಿಟ್ಟುದರಲ್ಲಿ ಆಶ್ಚರ್ಯವಿಲ್ಲ. ಆಟದ ಹುಚ್ಚಿನವರು, ಕೇಬಲನ್ನು ಕಡೆಯವರೆಗೆ ಬಿಗಿಹಿಡಿದಿದ್ದವರು, ಅವರೂ ಬಿಡುತ್ತಿದ್ದಾರೆಂಬುದೇ ಗಮನಿಸತಕ್ಕ ವಿಷಯ. ಅದಕ್ಕೆ ಕಾರಣಗಳೂ ಇವೆ. ೨೦೧೬ರ ಸೆಪ್ಟೆಂಬರದಲ್ಲಿ ಜಿಯೋ ಬಂದ ಮೇಲೆ ಫೋನಿನ ಅಂತರಜಾಲದ ಬೆಲೆ ಕುಸಿಯಿತು. ೨೦೧೯ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮದಂತೆ ನೂರು ವಾಹಿನಿಗಳ ಜಾಲಕ್ಕೆ ೧೩೦ ರೂಪಾಯಿ ತೆತ್ತ ಮೇಲೂ ಹಣದ ವಾಹಿನಿಗಳಿಗೆ ಬೇರೆ ಬೇರೆಯಾಗಿ ತೆರಬೇಕಾಯಿತು. ೨೦೨೩ರ ಐಪಿಎಲ್ ಪಂದ್ಯಗಳನ್ನು ಫೋನಿನಲ್ಲಿ ಪುಕ್ಕಟೆಯಾಗಿ ತೋರಿಸಿದರು. ಪುಕ್ಕಟೆ ಸಿಗುವುದನ್ನು ಬಿಟ್ಟು ಬಾಡಿಗೆ ಕಟ್ಟುವವರಾರು? ೨೦೨೫ರಲ್ಲಿ ಅದೇ ಪಂದ್ಯಗಳಿಗೆ ಚಂದಾ ಬೇಕಾಯಿತು. ಆ ವೇಳೆಗೆ ಕೇಬಲಿನ ಪೆಟ್ಟಿಗೆಗಳು ಅಟ್ಟ ಸೇರಿದ್ದವು. ವಿನೋದವೆಂದರೆ, ಕೇರಳದಲ್ಲಿ ಸಣ್ಣ ಸಣ್ಣ ಕೇಬಲಿನವರೇ ಒಟ್ಟುಗೂಡಿ ಕಟ್ಟಿದ ಸಂಸ್ಥೆ ಈಗ ಅದೇ ಕಂಬಗಳ ಮೇಲೆ ಅಂತರಜಾಲದ ತಂತಿಯನ್ನು ಎಳೆಯುತ್ತಿದೆ. ಮನೆಗೆ ಬರುವ ಮನುಷ್ಯ ಅವನೇ. ಚೀಟಿ ಮಾತ್ರ ಬೇರೆ.

ವ್ಯಾಪಾರಸ್ಥರು ಇದನ್ನು ನಮಗಿಂತ ಮೊದಲೇ ಅರಿತಿದ್ದರು. ೨೦೨೨ರ ಜೂನಿನಲ್ಲಿ ಐಪಿಎಲ್ಲಿನ ಐದು ವರ್ಷಗಳ ಪ್ರಸಾರದ ಹಕ್ಕು ೪೮,೩೯೦ ಕೋಟಿ ರೂಪಾಯಿಗಳಿಗೆ ಹರಾಜಾಯಿತು. ಅದರಲ್ಲಿ ದೇಶದೊಳಗಿನ ಟಿ.ವಿ.ಯ ಪಾಲು ೨೩,೫೭೫ ಕೋಟಿ. ಉಳಿದ ಅರ್ಧಕ್ಕಿಂತ ಮಿಕ್ಕ ಹಣದ ಬಹುಭಾಗ ಅಂತರಜಾಲದ ಹಕ್ಕಿನದು. ಅಮೆರಿಕದಲ್ಲಿ ೧೯೭೯ರಲ್ಲಿ ಹುಟ್ಟಿದ ಈಎಸ್‌ಪಿಎನ್ ವಾಹಿನಿ ೨೦೧೧ರಲ್ಲಿ ೧೦ ಕೋಟಿ ಮನೆಗಳಲ್ಲಿತ್ತು. ಬಳಿಕ ಆ ಸಂಖ್ಯೆ ಇಳಿಯುತ್ತ ಬಂದು, ೨೦೨೫ರ ಆಗಸ್ಟಿನಲ್ಲಿ ಕೇಬಲಿನ ಹಂಗಿಲ್ಲದ ಚಂದಾವನ್ನು ಅದು ತಾನೇ ತಿಂಗಳಿಗೆ ಸುಮಾರು ೩೦ ಡಾಲರಿನಂತೆ ಮಾರತೊಡಗಿತು. ಅಲ್ಲಿ ಹಿಂದೆ ಆಟವನ್ನು ಕಣ್ಣೆತ್ತಿಯೂ ನೋಡದ ಅಜ್ಜಿಯ ಕೇಬಲ್ ಬಾಡಿಗೆಯಿಂದಲೂ ಆ ವಾಹಿನಿಗೆ ಒಂದು ಪಾಲು ಸಲ್ಲುತ್ತಿತ್ತು. ಈಗ ನೋಡುವವನೇ ತೆರಬೇಕು.

ಉಂಡವನೇ ಹಣ ಕೊಡಲಿ ಎಂಬ ನ್ಯಾಯ ಕೇಳುವುದಕ್ಕೆ ಸರಿಯಾಗಿಯೇ ಇದೆ. ಒಬ್ಬನ ಹುಚ್ಚಿಗೆ ಇನ್ನೊಬ್ಬನೇಕೆ ಬೆಲೆ ತೆರಬೇಕು? ಕೇಬಲ್ ಬಿಟ್ಟವರನ್ನು ದೂರುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬೀಡಿ ಕಟ್ಟಿ, ಮೀನು ಮಾರಿ ಮನೆ ನಡೆಸುವವರು ಎರಡು ಕಡೆ ಹಣ ಕಟ್ಟಲಾರದೆ ಒಂದನ್ನು ಬಿಟ್ಟರೆ ಅದರಲ್ಲಿ ತಪ್ಪೇನು?

ತೊಡಕು ಇರುವುದು ಬೇರೆ ಕಡೆ. ಏಳನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನಮ್ಮನ್ನು ಕೇಳಿದ: “ಅಣ್ಣನ ಗುಪ್ತಪದವನ್ನು ನೆರೆಮನೆಯವನಿಗೆ ಹೇಳಿಕೊಟ್ಟರೆ ಅದು ಕಳ್ಳತನವಾಗುತ್ತದೆಯೆ, ಮಾಷ್ಟ್ರೆ?” ನಿಯಮದ ಪ್ರಕಾರ ತಪ್ಪು ಎಂದು ಉತ್ತರಿಸಿದೆವು. ಅವನು ಅಷ್ಟಕ್ಕೆ ಸುಮ್ಮನಾಗಲಿಲ್ಲ. “ಅವನು ನಮ್ಮ ಕಿಟಕಿಯ ಹೊರಗೆ ನಿಂತು ನೋಡಿದರೆ?” ಅದು ತಪ್ಪಲ್ಲ ಎಂದೆವು. “ಎರಡರಲ್ಲಿಯೂ ಅವನು ನೋಡಿದ್ದು ಒಂದೇ ಪಂದ್ಯವಲ್ಲವೆ?” ಎಂದು ಅವನ ಮರುಪ್ರಶ್ನೆ. ತರಗತಿಯಲ್ಲಿ ನಗೆ ಎದ್ದಿತು. ಪ್ರಶ್ನೆ ಮಾತ್ರ ನಗುವಂಥದಲ್ಲ.

ಕಳವು ಎಂದರೇನು? ಒಬ್ಬನ ವಸ್ತು ಇನ್ನೊಬ್ಬನ ಕೈಸೇರಿ ಮೊದಲಿನವನಿಗೆ ಇಲ್ಲವಾಗುವುದು. ಹಲಸಿನ ಹಣ್ಣನ್ನು ಕದ್ದರೆ ಮರದೊಡೆಯನಿಗೆ ಹಣ್ಣಿಲ್ಲ. ಆದರೆ ನೋಟದ ಗುಣ ಹಾಗಲ್ಲ. ಹತ್ತು ಮಂದಿ ನೋಡಿದರೆಂದು ಹನ್ನೊಂದನೆಯವನ ಪಾಲಿಗೆ ಪಂದ್ಯ ಕುಗ್ಗುವುದಿಲ್ಲ. ಹಂಚಿದರೆ ಕುಗ್ಗದ ವಸ್ತುವಿಗೆ ಬೇಲಿ ಕಟ್ಟಿ, ಬೇಲಿಯ ಬಾಗಿಲಲ್ಲಿ ಸುಂಕ ಎತ್ತುವುದೇ ಈ ವ್ಯಾಪಾರದ ಮೂಲ. ಹಾಗೆಂದು ಬೇಲಿಯನ್ನು ಮುರಿದವನೆಲ್ಲ ಧರ್ಮಾತ್ಮನಾಗುವುದಿಲ್ಲ. ಕಳ್ಳಕೊಂಡಿಗಳ ಮೂಲಕ ಪಂದ್ಯ ತೋರಿಸುವವರು ಪರೋಪಕಾರಕ್ಕಾಗಿ ತೋರಿಸುತ್ತಿಲ್ಲ. ತಮ್ಮದೇ ಜಾಹೀರಾತಿನಿಂದ ಗಳಿಸುತ್ತಾರೆ. ಮೈದಾನದ ಸುತ್ತ ಬಿಸಿಲಿನಲ್ಲಿ ನಿಂತ ಛಾಯಾಗ್ರಾಹಕನಿಗೆ, ಕನ್ನಡದಲ್ಲಿ ವಿವರಣೆ ಹೇಳುವವನಿಗೆ, ಆಟಗಾರನಿಗೆ ಯಾರಾದರೂ ಸಂಬಳ ಕೊಡಲೇಬೇಕಷ್ಟೆ. ೨೦೨೩ರಲ್ಲಿ ಆರಂಭವಾದ ಮಹಿಳೆಯರ ಪ್ರೀಮಿಯರ್ ಲೀಗಿನ ಪ್ರಸಾರದ ಹಕ್ಕು ಐದು ವರ್ಷಗಳಿಗೆ ೯೫೧ ಕೋಟಿಗೆ ಮಾರಾಟವಾದುದರಿಂದಲೇ ಎಷ್ಟೋ ಹೆಣ್ಣುಮಕ್ಕಳಿಗೆ ಆಟವು ಒಂದು ಜೀವನೋಪಾಯವಾಯಿತು. ಹಣವನ್ನು ಬರಿದೆ ಹಳಿಯಲಾಗದು.

ನಮ್ಮ ನಾಡಿಗೆ ಈ ಸಮಸ್ಯೆ ಹೊಸದೂ ಅಲ್ಲ. ಇಲ್ಲಿ “ಆಟಕ್ಕೆ ಹೋಗೋಣ” ಎಂದರೆ ಯಕ್ಷಗಾನಕ್ಕೆಂದೇ ಅರ್ಥ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆ ಆಟ ಎರಡು ಬಗೆಯಲ್ಲಿ ನಡೆದುಬಂದಿದೆ. ಹರಕೆಯ ಬಯಲಾಟದಲ್ಲಿ ಮೇಳದ ವೆಚ್ಚವನ್ನು ಹರಕೆ ಹೊತ್ತ ಮನೆಯವರು ಭರಿಸುತ್ತಾರೆ; ನೋಡುವವರು ಊರಿನವರೆಲ್ಲ. ಚಾಪೆ ಹಿಡಿದು ಬಂದವನ ಜಾತಿ, ಮತ, ಕಿಸೆ ಯಾವುದನ್ನೂ ಯಾರೂ ವಿಚಾರಿಸುವುದಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಡೇರೆಯ ಮೇಳಗಳು ಬಂದವು: ಸುತ್ತ ಬಟ್ಟೆಯ ಗೋಡೆ, ಬಾಗಿಲಲ್ಲಿ ಟಿಕೇಟು, ಒಳಗೆ ಕುರ್ಚಿಯ ದರ್ಜೆ, ನೆಲದ ದರ್ಜೆ. ಕೆಲವು ದಶಕಗಳ ಕಾಲ ಅವು ಮೆರೆದವು. ಹೊಸ ಪ್ರಸಂಗಗಳನ್ನೂ ಹೊಸ ಬೆಳಕನ್ನೂ ತಂದವು. ಹಲವು ಕಲಾವಿದರಿಗೆ ಹೆಸರನ್ನೂ ಕೊಟ್ಟವು. ಈಗ ಡೇರೆಯ ಮೇಳಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಕಟೀಲು ಮೇಳದ ಹರಕೆಯಾಟಕ್ಕೋ ವರುಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯಬೇಕು. ಒಬ್ಬರು ತೆತ್ತು ಎಲ್ಲರೂ ನೋಡುವ ಏರ್ಪಾಡು ಭಾವುಕರ ಕನಸೆಂದು ಹೇಳುವವರು ಈ ಲೆಕ್ಕವನ್ನು ಮರೆಯಬಾರದು.

ಟಿ.ವಿ.ಯಲ್ಲಿ ಜಾಹೀರಾತಿನವನೇ ಹರಕೆದಾರನಲ್ಲವೆ ಎಂದು ಯಾರಾದರೂ ಕೇಳಬಹುದು. ಹೋಲಿಕೆ ಅರ್ಧ ಮಾತ್ರ ಸರಿ. ಹರಕೆ ಹೊತ್ತವನು ಬೇಡುವುದು ದೇವರಲ್ಲಿ. ಜಾಹೀರಾತಿನವನು ಬೇಡುವುದು ನೋಡುವವನಲ್ಲಿ. ಹಣ ಕಟ್ಟಿ ತಂಡ ಹೆಣೆಯುವ ಜೂಜಿನಂಥ ಆಟಗಳ ಜಾಹೀರಾತು ಎಷ್ಟು ವರ್ಷ ನಮ್ಮ ಮಕ್ಕಳ ಕಣ್ಣಿಗೆ ಬಿದ್ದಿತು! ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂತಹ ಆಟಗಳನ್ನು ನಿಷೇಧಿಸುವ ಶಾಸನ ಮಾಡಿದಾಗ, ರಾಷ್ಟ್ರತಂಡದ ಅಂಗಿಯ ಮೇಲಿದ್ದ ಹೆಸರೇ ಅಳಿಸಿಹೋಗಬೇಕಾಯಿತು. ಪುಕ್ಕಟೆಯ ನೋಟಕ್ಕೂ ಯಾರೋ ಬೆಲೆ ತೆರುತ್ತಿದ್ದರು, ಅವರಲ್ಲಿ ಹುಡುಗರೂ ಇದ್ದರು ಎಂಬುದು ನಮ್ಮ ಗುಮಾನಿ.

ಶಾಸನದ ಮಾತು ಬಂದಿತು, ಅದನ್ನೂ ನೋಡೋಣ. ೧೯೯೩ರ ಹೀರೊ ಕಪ್ ಪಂದ್ಯಾವಳಿಯ ಪ್ರಸಾರದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೫ರ ಫೆಬ್ರವರಿಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸೊತ್ತು ಎಂದು ತೀರ್ಪಿತ್ತಿತು. ೨೦೦೭ರಲ್ಲಿ ಬಂದ ಶಾಸನದಂತೆ, ರಾಷ್ಟ್ರೀಯ ಮಹತ್ವದ್ದೆಂದು ಸರಕಾರ ಸಾರಿದ ಪಂದ್ಯಗಳ ನೇರ ಚಿತ್ರವನ್ನು ಖಾಸಗಿಯವರು ಪ್ರಸಾರ ಭಾರತಿಗೂ ಹಂಚಬೇಕು. ಜಾಹೀರಾತಿನ ಆದಾಯದಲ್ಲಿ ನೂರಕ್ಕೆ ಎಪ್ಪತ್ತೈದು ಹಕ್ಕಿನ ಒಡೆಯನಿಗೆ, ಇಪ್ಪತ್ತೈದು ಪ್ರಸಾರ ಭಾರತಿಗೆ. ಇದು ಹರಕೆಯಾಟಕ್ಕೂ ಡೇರೆಯಾಟಕ್ಕೂ ನಡುವಣ ಜಾಣ ಏರ್ಪಾಡೆಂದು ನಮಗೆ ತೋರುತ್ತದೆ. ಆದರೆ ೨೦೧೭ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯವು, ಹಾಗೆ ಹಂಚಿದ ಚಿತ್ರವನ್ನು ದೂರದರ್ಶನವು ತನ್ನ ಭೂಪ್ರಸಾರದಲ್ಲಿಯೂ ತನ್ನ ತಟ್ಟೆಯ ಸೇವೆಯಲ್ಲಿಯೂ ಮಾತ್ರ ತೋರಿಸಬಹುದು, ಕೇಬಲಿನವರಿಗೆ ಕೊಡುವಂತಿಲ್ಲ ಎಂದಿತು. ಭೂಪ್ರಸಾರದ ಗೋಪುರಗಳನ್ನು ದೂರದರ್ಶನವೇ ಬಳಿಕ ಬಹುಪಾಲು ಮುಚ್ಚಿಬಿಟ್ಟಿತು. ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ ಕಾಲ ಮುಗಿಯಿತು. ಶಾಸನ ಹುಟ್ಟಿದಾಗ ಅದರ ಕಣ್ಣೆದುರಿಗಿದ್ದುದು ಟಿ.ವಿ. ಮತ್ತು ರೇಡಿಯೊ, ಜನ ಹೋದುದು ಫೋನಿನ ಕಡೆಗೆ. ಬಾಗಿಲು ತೆರೆದೇ ಇದೆ, ಆ ದಾರಿಯಲ್ಲಿ ಯಾರೂ ಬರುವುದಿಲ್ಲ.

ಇದರ ಫಲವೇನೆಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಸಾಕು. ೨೦೦೫ರ ಆ್ಯಶಸ್ ಸರಣಿಯನ್ನು ಅಲ್ಲಿಯ ಜನ ಪುಕ್ಕಟೆ ವಾಹಿನಿಯಲ್ಲಿ ನೋಡಿದರು. ಒಂದು ಹಂತದಲ್ಲಿ ನೋಡುತ್ತಿದ್ದವರು ೮೪ ಲಕ್ಷ. ಮರುವರ್ಷದಿಂದ ಕ್ರಿಕೆಟ್ಟು ಚಂದಾದ ವಾಹಿನಿಗೆ ಹೋಯಿತು. ೨೦೦೯ರ ಆ್ಯಶಸ್ಸಿನಲ್ಲಿ ಆ ಸಂಖ್ಯೆ ೨೦ ಲಕ್ಷವನ್ನೂ ಮುಟ್ಟಲಿಲ್ಲ. ಮಂಡಳಿಗೆ ಹಣ ಬಂದಿತು, ತಂಡವೂ ಗೆದ್ದಿತು. ಆದರೆ ಬೀದಿಯ ಹುಡುಗರಿಗೆ ತಮ್ಮ ದೇಶದ ಆಟಗಾರರ ಮುಖ ಮರೆತುಹೋಗುತ್ತಿದೆಯೆಂದು ಅಲ್ಲಿಯ ಹಿರಿಯರೇ ಕೊರಗಿದರು. ಕಡೆಗೆ ೨೦೧೯ರ ಜುಲೈ ೧೪ರಂದು ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಅವರ ತಂಡ ಬಂದಾಗ, ಚಂದಾದ ವಾಹಿನಿ ಒಂದು ದಿನದ ಮಟ್ಟಿಗೆ ಬೇಲಿ ತೆಗೆಯಿತು.

ಹೊಸ ವ್ಯವಸ್ಥೆಯಿಂದ ಬಂದ ಲಾಭವನ್ನು ಮುಚ್ಚಿಡುವುದು ನ್ಯಾಯವಲ್ಲ. ಕೇಬಲಿನ ದೊಡ್ಡ ವಾಹಿನಿಗಳು ಎಂದೂ ತಿರುಗಿ ನೋಡದಿದ್ದ ಕಂಬಳ, ಊರ ಕಬಡ್ಡಿ, ಗದ್ದೆಯ ಕ್ರಿಕೆಟ್ಟು ಇವೆಲ್ಲ ಇಂದು ಯೂಟ್ಯೂಬಿನಲ್ಲಿ ನೇರವಾಗಿ ಕಾಣಸಿಗುತ್ತವೆ. ದುಬೈಯಲ್ಲಿಯೋ ದೋಹಾದಲ್ಲಿಯೋ ದುಡಿಯುವ ನಮ್ಮವರು ರಾತ್ರಿ ತಮ್ಮ ಊರ ಕೋಣಗಳ ಓಟವನ್ನು ನೋಡುತ್ತಾರೆ. ೨೦೨೫ರ ಫೆಬ್ರವರಿಯಲ್ಲಿ ಅಹಮದಾಬಾದಿನ ರಣಜಿ ಉಪಾಂತ್ಯದಲ್ಲಿ ನಮ್ಮ ಜಿಲ್ಲೆಯ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಔಟಾಗದೆ ೧೭೭ ಓಟಗಳನ್ನು ಗಳಿಸಿದರು. ಕೇರಳ ೪೫೭, ಗುಜರಾತ್ ೪೫೫. ಎರಡೇ ಓಟಗಳ ಮುನ್ನಡೆ! ಗುಜರಾತಿನ ಕಡೆಯ ದಾಂಡಿಗನು ಹೊಡೆದ ಚೆಂಡು ಹತ್ತಿರ ನಿಂತಿದ್ದ ಸಲ್ಮಾನ್ ನಿಜಾರರ ಶಿರಸ್ತ್ರಾಣಕ್ಕೆ ತಗುಲಿ ಮೇಲಕ್ಕೆ ಚಿಮ್ಮಿ, ಸಚಿನ್ ಬೇಬಿಯ ಕೈಗೆ ಬಿದ್ದಿತು. ಕೇರಳವು ಮೊದಲ ಬಾರಿಗೆ ಅಂತಿಮ ಪಂದ್ಯ ಸೇರಿತು. ಅದು ಶುಕ್ರವಾರ, ಕೆಲಸದ ದಿನ. ಅಂಗಡಿಯ ಗಲ್ಲದ ಮೇಲೆ, ಬಸ್ಸಿನ ಸೀಟಿನಲ್ಲಿ ಅದನ್ನು ಕಾಣಲು ಕೈಯಲ್ಲಿ ಹಿಡಿಯುವ ಪರದೆಯಿಂದ ಮಾತ್ರ ಸಾಧ್ಯ. ೧೯೮೩ರ ಜೂನ್ ೧೮ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಕಪಿಲ್ ದೇವರು ಗಳಿಸಿದ ೧೭೫ ಓಟಗಳ ಚಲಚ್ಚಿತ್ರವೇ ಇಲ್ಲವೆಂಬುದನ್ನು ನೆನೆದರೆ, ಇಂದಿನ ಮಕ್ಕಳು ಭಾಗ್ಯವಂತರೇ ಸರಿ.

ಆದರೂ ಒಂದು ಸಣ್ಣ ಸಂಗತಿ ನಮ್ಮನ್ನು ಕಾಡುತ್ತದೆ. ೨೦೧೧ರ ಏಪ್ರಿಲ್ ೨ರ ರಾತ್ರಿ ಧೋನಿಯ ಕಡೆಯ ಸಿಕ್ಸರ್ ಬಿದ್ದಾಗ ಊರ ಎಲ್ಲ ಮನೆಗಳಿಂದಲೂ ಒಂದೇ ಕೂಗು ಎದ್ದಿತ್ತು. ಈಗ ತಟ್ಟೆಯಿರುವ ಮನೆಯಲ್ಲಿ ಕೂಗು ಮೊದಲು ಏಳುತ್ತದೆ. ಫೋನಿನ ಚಿತ್ರ ಕೊಂಚ ತಡವಾಗಿ ಬರುವುದರಿಂದ ಪಕ್ಕದ ಮನೆಯವನು, ಚೆಂಡು ಬೌಲರನ ಕೈಯಲ್ಲಿರುವಾಗಲೇ ವಿಕೆಟ್ಟು ಬಿದ್ದುದನ್ನು ತಿಳಿದುಕೊಳ್ಳುತ್ತಾನೆ. ಒಂದೇ ಮನೆಯ ಮೂವರು ಮೂರು ಕಿವಿಗೊಳವೆಗಳನ್ನು ತೊಟ್ಟು ಒಂದೇ ಪಂದ್ಯವನ್ನು ಮೂರು ಕ್ಷಣಗಳಲ್ಲಿ ನೋಡುವುದೂ ಉಂಟು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿಗಳನ್ನಾಡುವ ನಮ್ಮ ಈ ಗಡಿಯ ಊರುಗಳಲ್ಲಿ ಎಲ್ಲರೂ ಒಂದೇ ಸಲ ಕೂಗುವ ಸಂದರ್ಭಗಳು ಬಹಳವೇನೂ ಇಲ್ಲ. ಅವುಗಳಲ್ಲಿ ಒಂದು ಕಡಿಮೆಯಾಯಿತೆಂದು ನಮಗೆ ವ್ಯಥೆ.

ಆದುದರಿಂದ ನಮ್ಮ ಅಭಿಪ್ರಾಯವಿದು. ಐಪಿಎಲ್ಲಿನ ಪ್ರತಿಯೊಂದು ಎಸೆತವನ್ನೂ ನೋಡಬೇಕೆಂಬವನು ಹಣ ತೆರಲಿ, ಅದು ಡೇರೆಯಾಟ. ದೇಶದ ಹೆಸರಿನಲ್ಲಿ ಆಡುವ ಪಂದ್ಯ ಬಯಲಾಟವಾಗಿಯೇ ಉಳಿಯಬೇಕು. ೨೦೦೭ರ ಶಾಸನದ ಹಂಚಿಕೆಯ ತತ್ತ್ವ ಫೋನಿಗೂ ವಿಸ್ತರಿಸಬೇಕು. ಎಪ್ಪತ್ತೈದು ಇಪ್ಪತ್ತೈದರ ಲೆಕ್ಕವನ್ನು ಬೇಕಾದರೆ ತಿದ್ದಿಕೊಳ್ಳಲಿ. ಫೋನೇ ಇಲ್ಲದ, ಅಥವಾ ತಂದೆಯೊಡನೆ ಫೋನೂ ಕೆಲಸಕ್ಕೆ ಹೋಗಿಬಿಡುವ ಮನೆಯ ಮಗುವಿಗೆ ಅದರಿಂದಲೂ ಪ್ರಯೋಜನವಿಲ್ಲವಷ್ಟೆ. ಅಂಥವರು ನಮ್ಮ ತರಗತಿಗಳಲ್ಲಿ ಇನ್ನೂ ಇದ್ದಾರೆ. ಮನೆಯ ಚಂದಾವನ್ನು ಸಭಾಂಗಣದಲ್ಲಿ ತೋರಿಸಲು ನಿಯಮ ಒಪ್ಪುವುದಿಲ್ಲ. ದೂರದರ್ಶನದ ಫ್ರೀ ಡಿಶ್ ತಟ್ಟೆಗಾದರೆ ತಿಂಗಳ ಬಾಡಿಗೆಯೇ ಇಲ್ಲ. ಒಮ್ಮೆ ತಟ್ಟೆಯನ್ನೂ ಪೆಟ್ಟಿಗೆಯನ್ನೂ ಕೊಂಡರೆ ಮುಗಿಯಿತು. ಸಂಘದ ವಾಚನಾಲಯದ ಮಾಡಿನ ಮೇಲೆ ಅಂಥದೊಂದನ್ನು ಇರಿಸಿ, ದೂರದರ್ಶನದಲ್ಲಿ ಭಾರತದ ಪಂದ್ಯವಿರುವ ಸಂಜೆ ಬಾಗಿಲನ್ನು ಕೊಂಚ ಹೊತ್ತು ಹೆಚ್ಚು ತೆರೆದಿಡುವುದಾದರೆ ಖರ್ಚೆಷ್ಟು, ಬೀಗದ ಕೈ ಯಾರ ಬಳಿ ಇರಬೇಕು, ಪರೀಕ್ಷೆಯ ದಿನಗಳಲ್ಲಿ ಹೇಗೆ ಎಂಬುದನ್ನು ಮುಂದಿನ ಸಭೆಯಲ್ಲಿ ಸದಸ್ಯರು ಚರ್ಚಿಸಬೇಕೆಂದು ಕೋರುತ್ತೇವೆ.